ಎಳೆದರೆ ಬಣ್ಣ ಬದಲಿಸುವ ಹಾಳೆ

ಹೆಣ್ಣು ನೋಡಲು ಬಂದವರು "ಹಾಡು ಬರತೈತೇನವಾ?" ಅಂತ ಕೇಳುವುದು ನಮಗೆಲ್ಲ ಗೊತ್ತು. "ನಿನ್ನ ಅರಿವಿ ಎಳದ್ರ ಹರೀತೈತೇನವಾ?" ಅಂತ ಬಟ್ಟೆಯ ಬಗ್ಗೆ ಕೇಳಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹೋದ ಭಾನುವಾರ ಬನಹಟ್ಟಿಯ ಅಣ್ಣನ ಮನೆಯಲ್ಲಿ ನಾನು ಕಂಡೆ!

ಎಲ್ಲ ಅಣ್ಣನದೇ ಕಿತಾಪತಿ. ಅವನ ಮಗಳು ಶೈಲಾ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಎರಡು ಮೂರು ಪರಮಾಣುವಿನಷ್ಟೇ ದಪ್ಪದ ಹಾಳೆಯನ್ನು ಎಳೆದರೆ ಒಳಗಿನ ಎಲೆಕ್ಟ್ರಾನ್‌ಗಳು ಏನು ಮಾಡುತ್ತವೆ ಅಂತ ನೋಡುವುದು ಅವಳ ಕೆಲಸ. ಅಣ್ಣನದು ಮಗ್ಗದ ಮನೆ. ತೆಳ್ಳಗಿರುತ್ತದೆ, ಎಳೆಯುತ್ತಾರೆ ಅಂದರೆ ಬಟ್ಟೆಯಲ್ಲದೆ ಮತ್ತೇನು? "ನನ್ನ ಮಗಳು ಜಗತ್ತಿನ್ಯಾಗ ಭಾಳ ತೆಳ್ಳನ ಅರಿವಿ ಮ್ಯಾಲ ಡಾಕ್ಟರ್ ಆಗಾಕತ್ತಾಳ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ರಬಕವಿಯಿಂದ ಬಂದ ಬೀಗರದೂ ಮಗ್ಗದ ದಂಧೆಯೇ. (ಬೀಗರು ಅಂದುಬಿಟ್ಟೆ, ಇನ್ನೂ ಆಗಿರಲಿಲ್ಲ.) ಹುಡುಗನ ತಾಯಿ ಶಿರಾದ ತಾಟು ಬದಿಗಿಟ್ಟು ಕೇಳಿದ್ದು ಆ ಪ್ರಶ್ನೆ.

ನನಗೋ ಒಂದೇ ಚಿಂತೆ. ಶೈಲಾ ಮೊದಲೇ ಹೇಳಿದ್ದಳು: "ಕಾಕಾ, ಮದುವಿ ಆದ್ರೂ ನಾ ಲ್ಯಾಬ್ ಬಿಡಂಗಿಲ್ಲ. ಅದಕ್ಕ ಅವರು ಹೂಂ ಅಂದ್ರಷ್ಟ ನಾನೂ ಹೂಂ."

"ಭಾಳ ಗಟ್ಟಿ ಐತ್ರಿ, ಲಗೂನ ಹರಿಯಂಗಿಲ್ಲ," ಅಂದಳು ಶೈಲಾ ಆ ತಾಯಿಗೆ. "ಆದ್ರ ಎಳದ್ರ ಅದರಿಂದ ಬರೋ ಬೆಳಕಿನ ಬಣ್ಣ ಬದಲಾಗತೈತ್ರಿ."

"ಅಯ್ಯ ಶಿವನ! ಎಳದ್ರ ಬಣ್ಣ ಹೋಗೋ ಅರಿವಿ ಯಾರು ತಗೋತಾರವಾ?"

ನಗು ತಡೆಯಲು ಹೋಗಿ ನನಗೆ ಚಹಾ ನೆತ್ತಿಗೇರಿತು.

"ಅರಿವಿ ಅಲ್ರೀ ಅದು!" ಶೈಲಾಗೆ ಈಗ ಹುರುಪು ಬಂತು. "ಎಳದಾಗ ಪರಮಾಣು ದೂರ ದೂರ ಸರೀತಾವ. ಎಲೆಕ್ಟ್ರಾನ್ ದಾಟೋ ಶಕ್ತಿಯ ಗ್ಯಾಪ್ ಸಣ್ಣದಾಗತೈತಿ. ಬೆಳಕು ಕೆಂಪಿನ ಕಡೆ ವಾಲತೈತಿ. ಬಿಟ್ರ ಮತ್ತ ಮೊದಲಿನಂಗ!"

ಹುಡುಗ ತಲೆ ಎತ್ತಿದ. "ಕಣ್ಣಿಗಿ ಕಾಣದ್ದನ್ನ ಹೆಂಗ ಹಿಡದು ಎಳೀತೀರಿ?"

"ಪ್ಲಾಸ್ಟಿಕ್ ಪಟ್ಟಿ ಮ್ಯಾಲ ಅಂಟಿಸಿ, ಪಟ್ಟೀನ ಬಗ್ಗಸ್ತೇವ್ರಿ!"

"ಭಾರಿ ಐತ್ರಿ! ಮದುವಿ ಆತು ಅಂತ ಇದನ್ನ ಬಿಡಬ್ಯಾಡ್ರಿ ಮತ್ತ."

ಕೇಳಿದಿರಾ? ಖುಷಿಗೆ ನಾನು ಕುಂತಲ್ಲೇ ಕುಣಿಯುವುದೊಂದು ಬಾಕಿ. ಅಣ್ಣನಂತೂ ಪೇಢೆ ಡಬ್ಬಿಗೆ ಕೈ ಹಾಕಿಯೇ ಬಿಟ್ಟ.

"ತಡಿ ಅಪ್ಪಾ," ಅಂದಳು ಶೈಲಾ. ಹುಡುಗನ ಕಡೆ ತಿರುಗಿ, "ನೀವೊಮ್ಮೆ ಲ್ಯಾಬಿಗೆ ಬರ್ರಿ. ನಾನೂ ನಿಮ್ಮನ್ನ ನೋಡಿ ಹೇಳ್ತೇನಿ."

ಹೌದಲ್ಲ, ಇಷ್ಟು ವರ್ಷ ಹೆಣ್ಣು ನೋಡುವ ಈ ಶಾಸ್ತ್ರದಲ್ಲಿ ನಾವು ಒಂದೇ ಕಡೆಯಿಂದ ನೋಡುತ್ತಾ ಕುಂತಿದ್ದು ಯಾಕ್ರೀ?