ಅಟ್ಟದ ಕಾಯಿಗೆ ಅವಸರ ಮಾಡಿದ ಟೀಚರು

ಹೋದ ಶನಿವಾರ ಮೂರು ತೆಂಗಿನಕಾಯಿ ಹಾಳು ಮಾಡಿದೆ. ತಿಪಟೂರಿನಲ್ಲಿ ಇದು ಸಣ್ಣ ತಪ್ಪಲ್ಲ ಕಣ್ರೀ!

ಕ್ರಿಸ್‌ಮಸ್ ಕರ್ಜಿಕಾಯಿಗೆ ಕೊಬ್ಬರಿ ಬೇಕಿತ್ತು. ನಮ್ಮ ಮನೆ ಓನರ್ ಗಂಗಮ್ಮನವರು, "ಅಟ್ಟದ ಮೇಲೆ ಒಣಗೋಕೆ ಹಾಕಿರೋದ್ರಲ್ಲಿ ಕೊಬ್ರಿ ಆಗಿರೋದು ನೋಡಿ ಎರಡು ತಗಳಿ ಟೀಚರಮ್ಮ" ಎಂದಿದ್ದರು. ಹತ್ತಿದೆ. ಕಷ್ಟಪಟ್ಟು ಸಿಪ್ಪೆ ಸುಲಿದು ಒಂದನ್ನು ಒಡೆದೆ. ನೀರು! ಇನ್ನೊಂದರಲ್ಲೂ ನೀರು. ಮೂರನೆಯದೂ ಒಡೆದು ಮುಗಿಯುವಷ್ಟರಲ್ಲಿ ಗಂಗಮ್ಮ ಓಡಿ ಬಂದರು.

"ಅಯ್ಯೋ ಶಿವನೇ, ಒಡ್ದು ನೋಡ್ತಾರೇನಮ್ಮ? ಈಗ ಇವು ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರೀನೂ ಅಲ್ಲ. ಅಲ್ಲಾಡ್ಸಿ ಕಿವಿಗಿಟ್ಕಳಿ. ಒಳಗೆ ಗಡಗಡ ಅಂದ್ರೆ ಕೊಬ್ರಿ ಆಗೈತೆ. ಅನ್ನಲಿಲ್ವಾ, ಸುಮ್ನೆ ಇಟ್ಬುಡಿ."

(ಹದಿನೈದು ವರ್ಷ ಸೈನ್ಸ್ ಪಾಠ ಮಾಡಿದವಳು ನಾನು.)

ನಗುತ್ತಲೇ ಕೆಳಗಿಳಿದೆ. ನಡುಮನೆಯ ಮಂಚದಲ್ಲಿ ನಮ್ಮ ಯಜಮಾನರನ್ನು ನೋಡಿದೊಡನೆ ನಗು ನಿಂತಿತು.

ಆರು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈಯ ಜೊತೆ ಮಾತೂ ಹೋಯಿತು. ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದ ಮನುಷ್ಯ. "ಮಾತು ಬರಬಹುದು, ಟೈಮ್ ಹಿಡಿಯುತ್ತೆ" ಎಂದಿದ್ದಾರೆ ಡಾಕ್ಟರು. ನಾನು ಬಿಡುತ್ತೇನೆಯೇ? ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ತಡ, ಅವರೆದುರು ನಿಂತು, "ಎಲ್ಲಿ, ನನ್ನ ಹೆಸರು ಹೇಳಿ ನೋಡೋಣ" ಎನ್ನುತ್ತೇನೆ. ತುಟಿ ಅಲುಗುತ್ತದೆ. ಹೆಸರು ಬರುವುದಿಲ್ಲ. ಅವರು ಗೋಡೆಯ ಕಡೆ ತಿರುಗುತ್ತಾರೆ. ನಾನು ಅಡುಗೆಮನೆಗೆ ಹೋಗಿ ಯೇಸುವಿನ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಇನ್ನೆಷ್ಟು ದಿನ ಸ್ವಾಮಿ? ನನ್ನ ಮಾತು ಕೇಳಿಸುತ್ತಿದೆಯಾ?

ಟೀಚರ್ ಬುದ್ಧಿ ನೋಡಿ. ಗಂಡನಿಗೂ ಟೆಸ್ಟು, ದೇವರಿಗೂ ಟೆಸ್ಟು.

ಭಾನುವಾರ ಬೆಳಿಗ್ಗೆ ಹೆಸರು ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ? ನುಂಗಿಕೊಂಡೆ. ಪಕ್ಕದಲ್ಲಿ ಕೂತು ಅವರ ಎಡಗೈ ಹಿಡಿದು ಪ್ರಾರ್ಥಿಸಿದೆ. "ಯೇಸಪ್ಪಾ, ಮಾತು ಬಂದರೂ ನಾವು ನಿನ್ನವರೇ, ಬಾರದಿದ್ದರೂ ನಿನ್ನವರೇ." ಆಮೇಲೆ ಅವರಿಗಿಷ್ಟವಾದ ಹಾಡೊಂದನ್ನು ಮೆಲ್ಲಗೆ ಹಾಡತೊಡಗಿದೆ.

ಎರಡನೇ ಸಾಲಿಗೆ ಇನ್ನೊಂದು ದನಿ ಸೇರಿಕೊಂಡಿತು.

ಪದವಿಲ್ಲ, ಬರೀ ರಾಗ. ಅವರ ಎದೆಗೆ ಕಿವಿಯಿಟ್ಟೆ. ನಿಜವಾಗಿಯೂ ಅವರದೇ ದನಿ. ನಾನು ಶ್ರುತಿ ತಪ್ಪಿದ ಕಡೆ ಮೊದಲಿನ ಹಾಗೇ ಹುಬ್ಬು ಗಂಟಿಕ್ಕಿದರು! ಅಳುತ್ತಲೇ ಹಾಡು ಮುಗಿಸಿದೆ.

ನನ್ನ ಹೆಸರು ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಆರು ತಿಂಗಳು 'ಕೇಳಿಸುತ್ತಿದೆಯಾ' ಎಂದು ದೇವರನ್ನು ದಬಾಯಿಸಿದೆನಲ್ಲ, ಕಿವಿ ಕೊಡಬೇಕಾಗಿದ್ದವರು ಯಾರು?