ಹಣೆಯವರೆಗೆ ಬಂದ ಫೋಟೋ

ಮೊಯ್ದಿನಬ್ಬನಿಗೆ ಕಂಪ್ಯೂಟರಿನ ಅಗತ್ಯ ಬಿದ್ದದ್ದು ಆಯುಷ್ಯದಲ್ಲಿ ಒಂದೇ ಒಂದು ದಿನ. ಆ ದಿನವೂ ಹಾಳಾದ್ದು ಶುಕ್ರವಾರವೇ ಆಗಬೇಕೇ? ೧೯೯೯ರ ದುಬೈಯಲ್ಲಿ ಶುಕ್ರವಾರ ಬೆಳಿಗ್ಗೆ ತೆರೆದ ಬಾಗಿಲು ಸಿಗುವುದೇ ಕಷ್ಟ. ಆದರೆ ಅಲ್ ಕೂಜಿನ ಗೋಡೌನಿನಲ್ಲಿ ಹತ್ತೊಂಬತ್ತು ವರ್ಷ ಲಾರಿಯ ಬಿಡಿಭಾಗ ಹೊತ್ತ ಈ ಮನುಷ್ಯನಿಗೆ ವಾರಕ್ಕೆ ಸಿಗುತ್ತಿದ್ದ ರಜೆಯೂ ಅದೊಂದೇ.

ಆಗಬೇಕಿದ್ದ ಕೆಲಸ ದೊಡ್ಡದೇನಲ್ಲ. ಮಗಳು ಫರ್ಝಾನಳಿಗೆ ಗೊತ್ತಾದ ಹುಡುಗನ ಫೋಟೋ ನೋಡಬೇಕು, ಅಷ್ಟೆ. ಹುಡುಗ ಭಾನುವಾರ ಸೌದಿಗೆ ಹೊರಡುವವನು. ಹಾಗಾಗಿ ಶುಕ್ರವಾರ ಜುಮಾ ಮುಗಿದ ಕೂಡಲೇ ಊರಿನ ಮಸೀದಿಯಲ್ಲಿ ನಿಕಾಹ್. ತನ್ನ ಬದಲಿಗೆ ಮಗಳನ್ನು ಒಪ್ಪಿಸಿಕೊಡುವ ಅಧಿಕಾರವನ್ನು ಮೊಯ್ದಿನಬ್ಬ ತಮ್ಮ ಅದ್ದುವಿಗೆ ಬರೆದು ಕಳಿಸಿಯೂ ಆಗಿತ್ತು. ಬುಧವಾರ ಹೆಂಡತಿ ಮೈಮೂನ ಫೋನಿನಲ್ಲಿ, ಎಲ್ಲರೂ ಮೋನು ಎಂದು ಕರೆಯುವ ಆ ಹುಡುಗನ ನಿಜವಾದ ಹೆಸರು ನೌಶಾದ್, ಹಿಂದೆ ಅಲ್ ಕೂಜಿನಲ್ಲೇ ಇದ್ದನಂತೆ ಎಂದಳು.

ಆರು ವರ್ಷದ ಹಿಂದೆ ಲೇಬರ್ ಕ್ಯಾಂಪಿನ ಕೋಣೆಯಲ್ಲಿ ಮೊಯ್ದಿನಬ್ಬನ ಎದುರಿನ ಮಂಚದಲ್ಲಿ ಒಬ್ಬ ನೌಶಾದ್ ಮಲಗುತ್ತಿದ್ದ. ಅವನಿಗೆ ಊರಿನಲ್ಲಿ ಹೆಂಡತಿ, ಕೈಗೂಸು ಇದ್ದರು. ಅವಳ ಕಾಗದ ಬಂದರೆ ಒಡೆಯದೆಯೇ ಹರಿದುಹಾಕಿ ನಗುತ್ತಿದ್ದ. ನಾಲ್ಕು ತಿಂಗಳಿದ್ದು, ಒಂದು ದಿನ ಹೇಳದೆ ಕೇಳದೆ ಹೊರಟುಹೋದ. ಅವನು ಯಾರ ಮಗ, ಯಾವ ಮನೆ ಎಂದು ಕ್ಯಾಂಪಿನಲ್ಲಿ ಯಾರೂ ಕೇಳಿರಲಿಲ್ಲ. ಮೊಯ್ದಿನಬ್ಬನಿಗೆ ಗೊತ್ತಿದ್ದದ್ದು ಅವನ ಮುಖ ಮಾತ್ರ.

ಹೆಂಡತಿಗೆ ಬಾಯಿಬಿಟ್ಟು ಹೇಳೋಣವೆಂದರೆ, ಫೋನ್ ಇದ್ದದ್ದು ಮಸೀದಿ ಪಕ್ಕದ ರಶೀದಳ ಮನೆಯಲ್ಲಿ. ಈ ಸಂಬಂಧ ತಂದವಳೂ ಅವಳೇ. ಫೋನ್ ಬಂದಾಗಲೆಲ್ಲ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾಳೆ, ಪುಣ್ಯಾತ್ಗಿತ್ತಿ. ಇವನು ಅವನಲ್ಲದಿದ್ದರೆ? ಯಾರದೋ ಮಗನ ಮಾನ ಹೋಗುತ್ತದೆ, ಇಪ್ಪತ್ತಾರು ದಾಟಿದ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಮೊಯ್ದಿನಬ್ಬನ 'ನೋಡೋಣ'ದಿಂದಲೇ ಎರಡು ಸಂಬಂಧ ಈಗಾಗಲೇ ತಪ್ಪಿಹೋಗಿದ್ದವು. ಹಾಗಾಗಿ ಫೋಟೋ ನೋಡಿಯೇ ಒಪ್ಪಿಗೆ ಕೊಡುವುದು ಎಂದಷ್ಟೇ ಹೇಳಿದ. ಗಂಡಿನ ಕಡೆಯವರು ಮಂಗಳೂರಿನಿಂದ ಇಮೇಲ್ ಮಾಡಿಸಿದರು. ಅದು ಬಂದದ್ದು ಅದೇ ಕೋಣೆಯಲ್ಲಿದ್ದ ರಮೀಝನ ವಿಳಾಸಕ್ಕೆ. ಅವನು ಆ ವಿಳಾಸ, ಪಾಸ್‌ವರ್ಡ್ ಎರಡನ್ನೂ ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಟ್ಟು ಡ್ಯೂಟಿಗೆ ಹೋದ.

ಕಂಪನಿಯ ಆಫೀಸಿಗೆ ಬೀಗ. ಬಸ್ಸು ಹಿಡಿದು ಸತ್ವಾಕ್ಕೆ ಬಂದರೆ ಇಂಟರ್ನೆಟ್ ಎಂದು ಬೋರ್ಡು ಹಾಕಿದ ಎರಡೂ ಅಂಗಡಿಗಳ ಶಟರ್ ಕೆಳಗೆ. ನಾಲ್ಕು ಗಂಟೆಗೆ ಬಾ ಎಂದರು ಪಕ್ಕದವರು. ಹೋಟೆಲಿನಲ್ಲಿ ಕಂಪ್ಯೂಟರ್ ಇದೆಯೆಂದು ಕೇಳಿ ಅಲ್ಲಿಗೆ ಹೋದರೆ, ಬಾಗಿಲಿನವನು ಇವನ ಚಪ್ಪಲಿ ನೋಡಿ ರೂಮ್ ನಂಬರ್ ಕೇಳಿದ. ಕೊನೆಗೆ ಒಂದು ಗಲ್ಲಿಯಲ್ಲಿ, ವೀಸಾ ಅರ್ಜಿಗಳನ್ನು ಟೈಪ್ ಮಾಡಿಕೊಡುವ ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದ. ಒಳಗಿದ್ದವನು ಕಲ್ಯಾಣಪುರದ ಗೇಬ್ರಿಯಲ್, ಐವತ್ತು ದಾಟಿದ ಕ್ರೈಸ್ತ. ಊರಿನ ಹೆಸರು ಕೇಳಿದ್ದೇ ಕುರ್ಚಿ ಎಳೆದು ಕೂರಿಸಿದ. ಕರಾವಳಿಯ ರೂಢಿಯಂತೆ ಕ್ರೈಸ್ತನಾದ ಅವನು ಪೊರ್ಬು, ಮುಸ್ಲಿಮನಾದ ಇವನು ಬ್ಯಾರಿ.

ಫೋನಿನ ತಂತಿ ಸಿಕ್ಕಿಸಿದ ಮೋಡೆಮ್ ಡಬ್ಬಿ ಕಿರುಚಿತು, ಗೊರಗೊರ ಎಂದಿತು, ಕಡೆಗೆ ಇಂಟರ್ನೆಟ್ ಹಿಡಿಯಿತು. ಫೋಟೋ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಬಿಳಿ ಗೋಡೆ. ಹತ್ತು ನಿಮಿಷಕ್ಕೆ ಟೊಪ್ಪಿ. ಆಮೇಲೆ ಹಣೆ.

"ಪೊರ್ಬುಗಳೇ, ಸ್ವಲ್ಪ ಬೇಗ ಆಗ್ಲಿಕ್ಕಿಲ್ವಾ?"

"ಅದು ಅದರಷ್ಟಕ್ಕೇ ಬರ್ತದೆ ಬ್ಯಾರಿಗಳೇ. ನಾವು ನೋಡ್ತಾ ಕೂರುವುದು."

ಹುಬ್ಬು ಕಾಣಿಸಿತು. ಕರಾವಳಿಯ ಯಾವ ಹುಡುಗನಿಗೆ ಅಂಥ ಹುಬ್ಬಿಲ್ಲ? ಮೊಯ್ದಿನಬ್ಬ ಮೂಗು ತೆರೆಗೆ ತಾಗುವಷ್ಟು ಬಗ್ಗಿದ. ಅಷ್ಟರಲ್ಲಿ ಲೈನ್ ಕಡಿಯಿತು. ಗೇಬ್ರಿಯಲ್ ಮತ್ತೆ ಮತ್ತೆ ಡಯಲ್ ಮಾಡಿದ, ಪ್ರತಿ ಸಲವೂ ಬ್ಯುಸಿ. ಹನ್ನೊಂದೂಕಾಲಿಗೆ ಅವನು ಗಡಿಯಾರ ನೋಡಿ, ಇನ್ನು ಖಲಾಸ್, ನಮಾಜಿನ ಹೊತ್ತಿಗೆ ಶಟರ್ ಎಳೆಯಲೇಬೇಕು ಎಂದ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಊರಿನ ಗಡಿಯಾರ ಒಂದೂವರೆ ಗಂಟೆ ಮುಂದೆ. ಅಲ್ಲಿ ಜುಮಾ ಆಗಲೇ ಶುರುವಾಗುವ ಹೊತ್ತು. ಮಾನ ಹೋದರೆ ಹೋಗಲಿ, ನಿಲ್ಲಿಸಿ ಎಂದೇ ಹೇಳುತ್ತೇನೆ ಎಂದುಕೊಂಡು ಮೊಯ್ದಿನಬ್ಬ ಫೋನ್ ಬೂತಿಗೆ ಓಡಿದ. ಅಲ್ಲಿ ಶುಕ್ರವಾರದ ಸಾಲು, ಇಡೀ ಕ್ಯಾಂಪೇ ಎದ್ದುಬಂದ ಹಾಗೆ. ಅವನ ಸರದಿ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ನಂಬರ್ ಒತ್ತಿದ. ಅತ್ತ ಒಮ್ಮೆ ರಿಂಗಾಯಿತು. ಟಕ್ಕನೆ ಲೈನ್ ಹೋಯಿತು.

ಮತ್ತೆ ಒತ್ತಲು ಎತ್ತಿದ ಬೆರಳು ಅಲ್ಲೇ ನಿಂತಿತು. ಗಲ್ಫಿನವರ ಮನೆಗಳಲ್ಲೆಲ್ಲ ಇದ್ದ ರೂಢಿ ಅವರಲ್ಲೂ ಇತ್ತು. ಒಂದೇ ರಿಂಗ್ ಕೊಟ್ಟು ಕಡಿದರೆ, ಎಲ್ಲ ಸರಿ ಎಂದರ್ಥ. ತಲುಪಿದೆ, ಸಿಕ್ಕಿತು, ಒಪ್ಪಿದೆ ಎಲ್ಲಕ್ಕೂ ಆ ಒಂದೇ ರಿಂಗ್. ಹತ್ತೊಂಬತ್ತು ವರ್ಷ ಒಮ್ಮೆಯೂ ಅದು ತಪ್ಪಿ ನಡೆದಿರಲಿಲ್ಲ. ಅವನು ಹುಚ್ಚು ಹಿಡಿದವನ ಹಾಗೆ ಒತ್ತಿದ. ಬ್ಯುಸಿ. ಮತ್ತೆ ಬ್ಯುಸಿ. ಹಿಂದಿದ್ದವನು ಗಾಜಿಗೆ ತಟ್ಟಿ "ಯಲ್ಲಾ ಭಾಯ್" ಎಂದ. ಬಾಂಗ್ ಕೇಳಿಸಿತು. ಅವತ್ತು ನಮಾಜಿನಲ್ಲಿ ಅವನು ಬೇಡಿದ್ದು ಒಂದೇ: ಇವನು ಅವನಾಗದಿರಲಿ.

ಎರಡು ಗಂಟೆಗೆ ಲೈನ್ ಸಿಕ್ಕಿತು. ಮೈಮೂನ ಅಳುತ್ತ ನಗುತ್ತ ಮಾತಾಡಿದಳು.

"ನಿಮ್ಮ ರಿಂಗ್ ಬಂತು ಅಂತ ಹೇಳಿಕಳಿಸಿದ್ದೇ ಅದ್ದು ನಿಕಾಹ್ ಮಾಡಿಕೊಟ್ಟ. ಎಲ್ಲ ಚಂದ ಆಯ್ತು. ನೀವೊಬ್ರು ಇರ್ಬೇಕಿತ್ತು."

ಮಗಳು ಹೇಗಿದ್ದಾಳೆ ಎಂದು ಕೇಳಿದ. ನಗ್ತಾ ಇದ್ದಾಳೆ, ಮದರಂಗಿ ಕೈ ಎಲ್ಲರಿಗೂ ತೋರಿಸ್ತಾ ಇದ್ದಾಳೆ ಎಂದಳು.

ನಾಲ್ಕು ಗಂಟೆಗೆ ಗೇಬ್ರಿಯಲನ ಅಂಗಡಿಗೆ ಹೋಗದೆ ಇರಬಹುದಿತ್ತು. ಹೋದ. ಈ ಸಲ ಲೈನ್ ಎಲ್ಲಿಯೂ ಕಡಿಯಲಿಲ್ಲ. ಹುಬ್ಬಿನ ಕೆಳಗೆ ಕಣ್ಣು ಬಂತು, ಮೂಗು ಬಂತು, ಕಾಗದ ಹರಿಯುವಾಗ ನಗುತ್ತಿದ್ದ ಆ ಬಾಯಿಯೂ ಬಂತು. ನಾಲ್ಕು ತಿಂಗಳು ಎದುರು ಮಂಚದಲ್ಲಿ ನೋಡಿದ ಮುಖದಲ್ಲಿ ಸಂಶಯಕ್ಕೆ ಜಾಗವಿರಲಿಲ್ಲ.

"ಒಳ್ಳೇ ಲಕ್ಷಣ ಉಂಟಲ್ಲ! ಯಾರು ಬ್ಯಾರಿಗಳೇ ಇದು?" ಗೇಬ್ರಿಯಲ್ ಕೇಳಿದ.

"ನನ್ನ ಅಳಿಯ," ಎಂದ ಮೊಯ್ದಿನಬ್ಬ.

ಗೇಬ್ರಿಯಲ್ ಖುಷಿಯಿಂದ ಕೈಕುಲುಕಿ, ಕೇಳದೆಯೇ ಒಂದು ಪ್ರಿಂಟ್ ತೆಗೆದುಕೊಟ್ಟ. ಬೇಡ ಎನ್ನಲು ಮೊಯ್ದಿನಬ್ಬನಿಗೆ ಯಾವ ಕಾರಣವೂ ಹೊಳೆಯಲಿಲ್ಲ.