ಚಿಮಣಿ ಎಣ್ಣಿ

ಆಗ ನಮ್ಮೂರಲ್ಲಿ ಟ್ಯಾಂಕರ್ ಅಂದರೆ ನೀರು; ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಎರಡು ಮಳೆಗಾಲ ಕೈಕೊಟ್ಟಿದ್ದವು. ಭಾತಂಬ್ರಾದಿಂದ ಒಳಗಿರುವ ನಮ್ಮ ಹಳ್ಳಿಯ ಬಾವಿಗಳಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದವು. ಮೂರು ದಿನಕ್ಕೊಮ್ಮೆ ಭಾಲ್ಕಿಯಿಂದ ಟ್ಯಾಂಕರ್ ಬರಬೇಕು. ಬರದಿದ್ದರೆ ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯೇ ಗತಿ. ತಾಸುಗಟ್ಟಲೆ ಕೂತು ಬಟ್ಟಲಿನಿಂದ ಬಳಿದರೆ ಒಂದು ಕೊಡ ತುಂಬುತ್ತಿತ್ತು. ಆ ಹಸಿ ಉಸುಕಿನ ವಾಸನೆ ನಿಮ್ಮಲ್ಲಿ ಅನೇಕರ ಮೂಗಿನಲ್ಲಿ ಇನ್ನೂ ಇರಬೇಕು.

ಅಪ್ಪ, ಅವ್ವ ಹೈದರಾಬಾದಿಗೆ ಇಟ್ಟಂಗಿ ಹೊರಲು ಗುಳೆ ಹೋಗಿದ್ದರು. ಮನೆಯಲ್ಲಿ ನಾವು ಮೂವರು. ಅಪ್ಪನ ತಾಯಿ, ನಮಗೆ ಆಯಿ. ಏಳನೇ ಇಯತ್ತೆಯ ಪರೀಕ್ಷೆ ಬರೆದು ಕೂತಿದ್ದ ನಾನು. ನಾಲ್ಕು ವರ್ಷದ ತಂಗಿ ಸುಜಾತಾ. ಆದರೆ ಅವಳನ್ನು ಸುಜಾತಾ ಎಂದು ಯಾರೂ ಕರೆಯುತ್ತಿರಲಿಲ್ಲ. ಆಯಿಯ ತವರು ಉದಗೀರದ ಕಡೆ. ಅಲ್ಲಿಯ ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಅನ್ನುತ್ತಾರೆ. ಹುಟ್ಟಿದಾಗ ಅಂಗೈಯಷ್ಟಿದ್ದ ಕೂಸಿಗೆ ಆಯಿ ಅದೇ ಹೆಸರಿಟ್ಟಳು. ನಮ್ಮ ಮನೆಯ ಬುಡ್ಡಿ ದೀಪವೂ ಚಿಮಣಿಯೇ. ಅದಕ್ಕೆ ಹಾಕುವ ಸೀಮೆಎಣ್ಣೆ ಚಿಮಣಿ ಎಣ್ಣಿ. ಸಂಜೆ ಆಯಿ "ಚಿಮಣಿ ಹಚ್ಚ" ಅಂದರೆ ತಂಗಿ ಮೂಲೆಗೆ ಓಡುತ್ತಿದ್ದಳು.

"ನನಗ ಹಚ್ಚಬ್ಯಾಡ ಆಯಿ, ನಾ ಸುಟ್ಟು ಹೋಗ್ತೇನಿ."

"ನಿನಗ ಹಚ್ಚಿದ್ರ ಊರಿಗೇ ಬೆಳಕ ಬೀಳ್ತದ, ಅಷ್ಟು ಕಿಡಿ ಅದಿ ನೀ" ಅನ್ನುತ್ತಿದ್ದಳು ಆಯಿ. ದಿನಾ ಇದೇ ಮಾತು, ದಿನಾ ಅದೇ ನಗು.

ಮಕ್ಕಳೆಲ್ಲ ಆ ಬೇಸಿಗೆಯಲ್ಲಿ ಪಾಳಿ ಆಟ ಆಡುತ್ತಿದ್ದೆವು. ಒಡೆದ ಗಡಿಗೆಯ ಚೂರುಗಳನ್ನು ಸಾಲಾಗಿ ಇಡುವುದು, ಪಾಳಿ ತಪ್ಪಿಸಿದವರ ಕೂಡ ಜಗಳಾಡುವುದು. ದೊಡ್ಡವರು ನಿಜವಾದ ಕೊಡಗಳೊಂದಿಗೆ ಮಾಡುತ್ತಿದ್ದುದನ್ನೇ ನಾವೂ ಮಾಡುತ್ತಿದ್ದೆವು. ಚಿಮಣಿಗೆ ಮಾತ್ರ ಬೇರೆ ಕೆಲಸವಿತ್ತು. ಮುರಿದ ಗೋಡೆ ಹತ್ತಿ ರಸ್ತೆ ನೋಡುವುದು, ಕಂಡ ಕೂಡಲೇ "ಟ್ಯಾಂಕಲ್ ಬಂತೋ" ಎಂದು ಕೂಗುವುದು. ಅವಳ ಕೂಗಿಗೆ ಇಡೀ ಕೇರಿ ಎದ್ದು ಓಡುತ್ತಿತ್ತು.

ಆ ದಿನವೂ ಕೂಗಿದಳು. "ಟ್ಯಾಂಕಲ್ ಬಿತ್ತೋ" ಅಂದಳು. ಬಂತೋ ಎಂಬುದನ್ನೇ ತಪ್ಪು ಹೇಳಿದಳೆಂದು ನಾವು ಕೊಡ ಹಿಡಿದು ಓಡಿದೆವು. ಹಳ್ಳದ ತಿರುವಿನಲ್ಲಿ ದೊಡ್ಡ ಟ್ಯಾಂಕರ್ ಮಗ್ಗುಲಾಗಿ ಬಿದ್ದಿತ್ತು. ಹೊಟ್ಟೆ ಸೀಳಿ, ಬಿಸಿಲಿಗೆ ಹೊಳೆಯುತ್ತ ಏನೋ ಧಾರಾಳವಾಗಿ ಹರಿಯುತ್ತಿತ್ತು. ಹತ್ತಿರ ಹೋದಾಗ ಮೂಗು ಹೇಳಿತು, ಇದು ನೀರಲ್ಲ, ಚಿಮಣಿ ಎಣ್ಣಿ.

ಹಣೆಯಿಂದ ರಕ್ತ ಸುರಿಯುತ್ತಿದ್ದ ಡ್ರೈವರ್ ಎರಡೂ ಕೈ ಬೀಸಿದ. "ಪಾಸ್ ಮತ್ ಆವ್ ಅಮ್ಮಾ. ತೇಲ್ ಹೈ. ಬೀಡಿ ಹಚ್ಚಬ್ಯಾಡ್ರಿ, ದೂರ ನಿಂದರ್ರಿ."

"ನೀ ದೂರ ನಿಂದರಪ್ಪ" ಅಂದಳು ಪಕ್ಕದ ಮನೆಯ ಗುಂಡವ್ವ. "ಎರಡು ವರ್ಷ ನೀರಿನ ಮಳಿ ಇಲ್ಲ. ಇವತ್ತ ಎಣ್ಣಿ ಮಳಿ ಆಗ್ಯದ, ತುಂಬ್ಕೋರೇ."

ಎಲ್ಲರೂ ತುಂಬಿಕೊಂಡೆವು. ಮೊಣಕಾಲ ಮಟ್ಟ ಎಣ್ಣೆಯಲ್ಲಿ ನಿಂತು, ಸೆರಗು ನೆನೆಸಿ ಹಿಂಡಿ, ಕೊಡ, ಬಕೆಟ್, ಕೊಪ್ಪರಿಗೆ ಯಾವುದನ್ನೂ ಬಿಡಲಿಲ್ಲ. ತಲೆ ತಿರುಗುತ್ತಿತ್ತು, ಯಾಕೋ ನಗು ಬರುತ್ತಿತ್ತು. ಮನೆಗೆ ಬಂದ ಮೇಲೆ ಕಾಲು ಉರಿಯತೊಡಗಿ ಸಂಜೆಗೆ ಬೊಕ್ಕೆ ಎದ್ದವು. ಎಣ್ಣೆ ಹರಿಯುತ್ತ ಕೆಳಗಡೆ ನಮ್ಮ ಕೇರಿಯ ಒರತೆಗೆ ಇಳಿದದ್ದನ್ನು ಮರುದಿನ ನೋಡಿದೆವು. ನೀರಿನ ಮೇಲೆ ನವಿಲು ಬಣ್ಣದ ಪದರ. ಒರತೆ ಮುಚ್ಚಿ, ಆ ನೀರು ಕುಡಿಯಬೇಡಿ, ಮಕ್ಕಳನ್ನು ದೂರವಿಡಿ ಎಂದು ಹೇಳುವವರು ಯಾರೂ ಬರಲಿಲ್ಲ. ಪೊಲೀಸರು ಬಂದರು, ಟ್ಯಾಂಕರಿನ ನಂಬರ್ ಬರೆದುಕೊಂಡು ಹೋದರು.

ಇನ್ನು ನನ್ನ ತಪ್ಪು. ಟ್ಯಾಂಕರ್ ಬಿದ್ದ ದಿನ ಎಲ್ಲ ಪಾತ್ರೆಗೂ ಎಣ್ಣೆ ತುಂಬಿದ ಮೇಲೆ ನಾನು ಕುಡಿಯುವ ನೀರಿನ ತಾಮ್ರದ ಕೊಡವನ್ನೂ ಎತ್ತಿಕೊಂಡಿದ್ದೆ.

"ಅದೊಂದು ಬ್ಯಾಡ, ಕುಡಿಯೋ ಕೊಡ ಅದು" ಅಂದಳು ಆಯಿ.

"ನೀರೇ ಇಲ್ಲ, ಖಾಲಿ ಕೊಡ ಇಟ್ಕೊಂಡು ಪೂಜಿ ಮಾಡ್ತಿ?" ಅಂದಿದ್ದೆ ನಾನು. ಓದುವ ಮೊಮ್ಮಗಳ ಮಾತಿಗೆ ಆಯಿ ಎದುರಾಡುತ್ತಿರಲಿಲ್ಲ. ತುಂಬಿದ ಕೊಡವನ್ನು ರೂಢಿಯಂತೆ ಅದೇ ಮೂಲೆಯಲ್ಲಿಟ್ಟೆ, ರೂಢಿಯಂತೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ, ಮೇಲೆ ಚರಗಿ ಬೋರಲು ಹಾಕಿದೆ.

ಮರುದಿನ ಮಧ್ಯಾಹ್ನ ಊಟಕ್ಕೆ ರೊಟ್ಟಿ, ಖಾರದ ಹಿಂಡಿ. ಗಡಿಗೆಯಲ್ಲಿ ಉಳಿದಿದ್ದ ನೀರು ಕೆಸರಿನ ಬಣ್ಣಕ್ಕಿತ್ತು. ಖಾರ ಹತ್ತಿದ ಚಿಮಣಿ ಆ ಗಡಿಗೆ ಬಿಟ್ಟು ಬಿಳಿ ಬಟ್ಟೆಯ ಕೊಡಕ್ಕೆ ಹೋದಳು. ಆ ಬೇಸಿಗೆಯಲ್ಲಿ ನಮ್ಮ ಮನೆಯೊಳಗೆ ಎಲ್ಲಕ್ಕಿಂತ ತಿಳಿಯಾಗಿದ್ದುದು ಆ ಎಣ್ಣೆಯೇ. ಮನೆ ತುಂಬ ಅದೇ ವಾಸನೆ ಇದ್ದುದರಿಂದ ಮೂಗಿಗೂ ತಿಳಿದಿರಲಿಕ್ಕಿಲ್ಲ. ಕೆಮ್ಮು ಕೇಳಿ ನಾನು ತಿರುಗಿದೆ. ಚರಗಿ ಉರುಳಿತ್ತು.

"ಅಕ್ಕಾ, ನೀರು ಹೊಲಸ ಅದ" ಅಂದಳು.

ಆಯಿ ಗಾಬರಿಯಾಗಲಿಲ್ಲ. ವಿಷ ಹೊಟ್ಟೆಗೆ ಹೋದರೆ ಹೊರಗೆ ತೆಗೆಯಬೇಕು, ಅದು ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. "ಉಪ್ಪಿನ ನೀರು ಕಲಸ, ಲಗೂನ" ಅಂದಳು. ನಾನು ಕಲಸಿದೆ. ಅವಳು ತೊಡೆಯ ಮೇಲೆ ಬೋರಲು ಹಾಕಿಕೊಂಡು ಗಂಟಲಿಗೆ ಬೆರಳಿಟ್ಟಳು. ಮೂರು ಸಲ ಕುಡಿಸಿದೆವು, ಮೂರು ಸಲ ಕಾರಿಸಿದೆವು. ಕೊನೆಗೆ ಆಯಿ ಸೆರಗಿನಿಂದ ಮಗುವಿನ ಬಾಯಿ ಒರೆಸಿ, "ಎಲ್ಲಾ ಹೊರಗ ಬಂತು, ನನ ಚಿಮಣಿ ಉಳೀತು" ಅಂದಳು.

ಒಂದು ತಾಸಿನೊಳಗೆ ಚಿಮಣಿಯ ಉಸಿರು ಓಡತೊಡಗಿತು. ಪಕ್ಕೆ ಒಳಗೆ ಹೋಗುತ್ತಿತ್ತು, ಮೈ ಕಾದಿತ್ತು. ಮೂರು ಗಂಟೆಯ ಬಸ್ಸಿಗೆ ಭಾಲ್ಕಿಯ ದವಾಖಾನೆಗೆ ಒಯ್ದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ವಾಂತಿ ಮಾಡ್ಸಿದೋರು ಯಾರು?"

"ನಾನೇ ರೀ ಸಾಹೇಬ್ರ" ಅಂದಳು ಆಯಿ. ಶಾಬ್ಬಾಸ್ ಅನ್ನುತ್ತಾರೆಂದು ಅವಳ ಮುಖ ಅರಳಿತ್ತು. "ಮೂರು ಸಲ ತೆಗ್ದೀನ್ರಿ. ಒಂದು ಹನಿ ಬಿಟ್ಟಿಲ್ರಿ."

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಹೇಳದೆ ಚೀಟಿ ಬರೆಯತೊಡಗಿದರು. ಮರುದಿನ ಹೊತ್ತೇರುವ ಮೊದಲೇ ಚಿಮಣಿ ಹೋದಳು. ಅಪ್ಪ, ಅವ್ವ ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ನಾನು ಓದಿದೆ. ನಮ್ಮ ಮನೆತನದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದಕ್ಕೆ ಪಟ್ಟ ಪಾಡು ನನಗೆ ಗೊತ್ತು. ಆರೋಗ್ಯ ಇಲಾಖೆಯ ಕೆಲಸ ಸಿಕ್ಕಿತು. ಬೀದರಿನಲ್ಲಿ ತರಬೇತಿ. ಅಲ್ಲಿ ಕೊಟ್ಟ ಪುಸ್ತಕದಲ್ಲಿ ಒಂದು ಸಾಲು ಇತ್ತು: ಸೀಮೆಎಣ್ಣೆ ಕುಡಿದವರಿಗೆ ಎಂದಿಗೂ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಪುಟದಿಂದ ಮುಂದೆ ಅವತ್ತು ನಾನು ಏನೂ ಕೇಳಿಸಿಕೊಳ್ಳಲಿಲ್ಲ. ಡಾಕ್ಟರು ಯಾಕೆ ಸುಮ್ಮನಿದ್ದರೆಂದು ತಿಳಿಯಿತು.

ಶನಿವಾರ ಊರಿಗೆ ಹೋದೆ, ಹೇಳಬೇಕೆಂದೇ ಹೋದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು.

"ಈ ವಾರ ಏನ್ ಕಲಿಸಿದ್ರವ್ವಾ?"

"ಭಾಳ ಕಲಿಸ್ಯಾರ ಆಯಿ."

"ಕಲಿ. ನಮಗ ತಿಳೀಲಾರದ್ದು ನೀ ತಿಳ್ಕೋ. ಅವತ್ತ ನಾ ಅಷ್ಟು ತೆಗ್ದೆ, ಆದ್ರೂ ಎಲ್ಲೋ ಒಂದು ಹನಿ ಒಳಗ ಉಳೀತು ನೋಡ. ಇನ್ನೊಂದು ಸಲ ತೆಗೀಬೇಕಿತ್ತು."

ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅವಳು ಸಾಯುವವರೆಗೂ ಹೇಳಲಿಲ್ಲ.

ಈಗ ಔರಾದ, ಕಮಲನಗರ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರನ್ನು ಕೂಡಿಸಿ ಇದನ್ನೇ ಹೇಳುತ್ತೇನೆ. ಎಣ್ಣೆ ಚೆಲ್ಲಿದಲ್ಲಿ ಹೋಗಬೇಡಿ. ನೀರಿನ ಪಾತ್ರೆಯಲ್ಲಿ ತುಂಬಬೇಡಿ. ಯಾರಾದರೂ ಕುಡಿದರೆ ವಾಂತಿ ಮಾಡಿಸದೆ ದವಾಖಾನೆಗೆ ಓಡಿ. "ನಿಮಗ ಹ್ಯಾಂಗ ಗೊತ್ತ್ರಿ ಮೇಡಂ?" ಎಂದು ಯಾರಾದರೂ ಕೇಳಿದರೆ, ಪುಸ್ತಕದಾಗ ಅದ ಅನ್ನುತ್ತೇನೆ.

ನಮ್ಮೂರಿಗೆ ನಳ ಬಂದಿದೆ. ಹಳ್ಳದ ಉಸುಕನ್ನು ಲಾರಿಗಳು ಹೊತ್ತೊಯ್ದಿವೆ, ಒರತೆ ಎಂದರೆ ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ. ಕರೆಂಟ್ ಬಂದು ಚಿಮಣಿ ದೀಪ ಹೋಯಿತು. ಸಿಮೆಂಟಿನ ಮನೆಗಳಾಗಿ ಜಂತಿಯ ಗುಬ್ಬಿಗಳೂ ಹೋದವು. ಆ ಹೆಸರಿನ ಯಾವುದೂ ಮನೆಯಲ್ಲಿ ಉಳಿಯಲಿಲ್ಲ. ಆದರೂ ತುಂಬಿದ ಲೋಟ ಬಾಯಿಗೆ ತರುವ ಮುಂಚೆ ನಾನು ಮೂಸುತ್ತೇನೆ. ನನ್ನ ಮಗಳು ನಗುತ್ತಾಳೆ. ನಳದ ನೀರು, ವಾಸನೆ ಏನೂ ಇರುವುದಿಲ್ಲ. ಇನ್ನೊಂದು ಸಲ ಮೂಸಿ ನೋಡಿ, ಆಮೇಲೆ ಕುಡಿಯುತ್ತೇನೆ.